ಬಾದಾಮಿಯ ಏಣಿ, ಶ್ರೀರಂಗಪಟ್ಟಣದ ಎತ್ತು

1786ರ ಮೇ 1ರಂದು ಬಾದಾಮಿಯ ಮುಂದಿನ ಬಯಲು ತುಂಬ ಡೇರೆಗಳು ಎದ್ದವು. ಪುಣೆಯ ಮರಾಠರು ಒಂದು ಕಡೆ, ಹೈದರಾಬಾದಿನ ನಿಜಾಮನ ಫೌಜು ಇನ್ನೊಂದು ಕಡೆ. ಮರಾಠರ ಸೇನಾಪತಿ ಹರಿಪಂತ ಫಡಕೆ ಬಂದಿದ್ದ. ಲೇಖನಿಯಿಂದಲೇ ಪೇಶ್ವಾಯಿ ನಡೆಸುತ್ತಿದ್ದ ನಾನಾ ಫಡ್ನವೀಸನೂ ಬಂದಿದ್ದ. ಇಂಗ್ಲಿಷರ ರಾಯಭಾರಿ ಚಾರ್ಲ್ಸ್ ಮ್ಯಾಲೆಟ್ ಕೂಡ ಆ ಪಾಳೆಯ ಸೇರಿ ಎರಡೂ ಕಡೆಯ ಬಲಾಬಲ ಅಳೆಯುತ್ತಿದ್ದ. ಕೋಟೆಯೊಳಗಿದ್ದವರು ಟಿಪ್ಪು ಸುಲ್ತಾನನ 3,500 ಸಿಪಾಯಿಗಳು. ಬಿಸಿಲಿನ ಮಾತು ಬೇಡ. ಮೇ ತಿಂಗಳಲ್ಲಿ ಬಾದಾಮಿಯ ಕೆಂಪು ಮರಳುಗಲ್ಲು ಹೇಗೆ ಕಾಯುತ್ತದೆಂಬುದು ಬರಿಗಾಲಲ್ಲಿ ಮೇಣಬಸದಿ ಹತ್ತಿದವರಿಗೆ ಗೊತ್ತು.

ಜಗಳ ಶುರುವಾದದ್ದು ನರಗುಂದದಲ್ಲಿ. ಅಲ್ಲಿನ ವೆಂಕಟರಾವ್ ಭಾವೆಯ ಮೇಲೆ ಟಿಪ್ಪು ಹೆಚ್ಚಿನ ಕಪ್ಪ ಹೇರಿದ, ಭಾವೆ ಪುಣೆಯ ಕಡೆ ನೋಡಿದ. 1785ರಲ್ಲಿ ಮೈಸೂರಿನ ಸೇನಾಪತಿ ಬುರ್ಹಾನುದ್ದೀನ್ ನರಗುಂದವನ್ನು ಹಿಡಿದ, ಕಿತ್ತೂರನ್ನೂ ಹಿಡಿದ. ಹೈದರಲಿ 1778ರಲ್ಲಿ ಗೆದ್ದಿದ್ದ ಕೃಷ್ಣೆಯ ದಕ್ಷಿಣದ ಸೀಮೆ ಮೈಸೂರಿನದೋ ಪುಣೆಯದೋ ಎಂಬ ಹಳೆಯ ವ್ಯಾಜ್ಯಕ್ಕೆ ಮತ್ತೆ ಬೆಂಕಿ ಬಿತ್ತು. ಮಿತ್ರಸೇನೆಗಳು ಯಾದಗಿರಿಯಲ್ಲಿ ಕೂಡಿ ಮಾತಾಡಿಕೊಂಡು ಮೊದಲು ಹಿಡಿಯಬೇಕೆಂದು ಆರಿಸಿದ ಕೋಟೆ ಬಾದಾಮಿ.

ಊರು ಕೆಳಗೆ ಗೋಡೆಯೊಳಗೆ. ಅದರ ಎರಡು ಮಗ್ಗುಲಿಗೆ ಎರಡು ಗುಡ್ಡದ ಕೋಟೆಗಳು: ಬಡಗಣಕ್ಕೆ ಬಾವನ್ ಬಂಡೆ ಕೋಟೆ, ತೆಂಕಣಕ್ಕೆ ರಣಮಂಡಲ. ನಡುವೆ ಅಗಸ್ತ್ಯತೀರ್ಥ. ಚಾಲುಕ್ಯರು ರಾಜಧಾನಿಗೆ ಈ ಜಾಗ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ವಿಜಯನಗರದವರು, ಬಿಜಾಪುರದ ಆದಿಲಶಾಹಿಗಳು, ಆಮೇಲೆ ಬಂದವರು ಎಲ್ಲರೂ ಅದೇ ಕಲ್ಲಿನ ಮೇಲೆ ಕಲ್ಲು ಪೇರಿಸಿದರು.

ಮೂರು ವಾರ ತೋಪುಗಳು ಹಾರಿದವು. ಗೋಡೆ ಬಿರಿಯಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣದ ಎರಡು ದೊಡ್ಡ ರಾಜ್ಯಗಳು ಒಟ್ಟಾಗಿ ತಂದ ಫಿರಂಗಿಗಳಿಗೆ ಒಂದು ಜಿಲ್ಲಾ ಕೋಟೆಯ ಗೋಡೆಯಲ್ಲಿ ಕಂಡಿ ಕೊರೆಯಲು ಆಗಲಿಲ್ಲ. ಕೊನೆಗೆ ಮೇ 20ರಂದು ನೆಚ್ಚಿಕೊಂಡದ್ದು ಏಣಿಗಳನ್ನು. ಸುಮಾರು 20,000 ಜನ ಗೋಡೆಗೆ ನುಗ್ಗಿದರು. ಕಂದಕದಲ್ಲಿ ಹೂತಿಟ್ಟಿದ್ದ ಮದ್ದಿನ ಸುರಂಗಗಳು ಸಿಡಿದು ಮುಂದಿನ ಸಾಲುಗಳನ್ನೇ ನುಂಗಿದವು. ಆದರೂ ಮರಾಠರೂ ನಿಜಾಮನ ಸಿಪಾಯಿಗಳೂ ಒಬ್ಬರಿಗಿಂತ ಒಬ್ಬರು ಮುಂದಾಗಿ ಗೋಡೆ ಏರಿದರು. ಊರು ಬಿತ್ತು. ಕಾವಲಿನವರು ಗುಡ್ಡದ ಕೋಟೆಗಳಿಗೆ ಓಡಿದರು, ಬೆನ್ನಟ್ಟಿ ಹತ್ತುತ್ತಿದ್ದವರ ಮೇಲೆ ಬಂಡೆಗಳನ್ನು ಉರುಳಿಸಿದರು, ಕೋವಿ ಹಾರಿಸಿದರು. ಮರುದಿನ ಬೆಳಿಗ್ಗೆ ಜೀವ ಉಳಿಸಿದರೆ ಸಾಕೆಂಬ ಕರಾರಿನ ಮೇಲೆ ಶರಣಾದರು. ಬಾದಾಮಿಯನ್ನು ಗೆದ್ದದ್ದು ಏಣಿ ಮತ್ತು ತಲೆಯೆಣಿಕೆ. ಕಾಯ್ದುಕೊಂಡಷ್ಟು ಹೊತ್ತು ಕಾಯ್ದದ್ದು ಮದ್ದು ಮತ್ತು ಬಂಡೆ.

ಈ ಮದ್ದು, ಈ ಕೋವಿ, ಈ ತೋಪು ಬರುತ್ತಿದ್ದದ್ದು ಎಲ್ಲಿಂದ? ಮಾಡುತ್ತಿದ್ದವರು ಯಾರು, ಮಾರುತ್ತಿದ್ದವರು ಯಾರು? ನಮ್ಮ ಇತಿಹಾಸದ ಪುಸ್ತಕಗಳು ಕತ್ತಿ ಹಿಡಿದವನ ಹೆಸರು ಹೇಳುತ್ತವೆ, ಕತ್ತಿ ಬಡಿದವನ ಲೆಕ್ಕಪುಸ್ತಕವನ್ನು ತೆರೆಯುವುದಿಲ್ಲ.

ಯುರೋಪಿನಲ್ಲಿ ಅಂಥ ಲೆಕ್ಕಪುಸ್ತಕಗಳಿಗೆ ಕಾದಂಬರಿಯ ಯೋಗವೂ ಬಂದಿದೆ. ಲೂಯಿ ಡಿ ಗೀರ್ ಎಂಬವನೊಬ್ಬನಿದ್ದ. 1587ರಲ್ಲಿ ಲಿಯೇಜಿನಲ್ಲಿ ಹುಟ್ಟಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾಪಾರಕ್ಕೆ ಕೂತು, ಸ್ವೀಡನ್ನಿನ ಫಿನ್‌ಸ್ಪಾಂಗ್ ಎಂಬಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಗುತ್ತಿಗೆಗೆ ಹಿಡಿದವನು. ತನ್ನ ನಾಡಿನ ವಲೂನ್ ಕಮ್ಮಾರರನ್ನು ಕುಟುಂಬ ಸಮೇತ ಸ್ವೀಡನ್ನಿಗೆ ಕರೆಸಿ ತೋಪು ಎರೆಸಿದ. ದೊರೆಗೆ ಸಾಲ ಕೊಟ್ಟ, ಸಾಲದ ಬದಲಿಗೆ ಜಮೀನು ಪಡೆದ. 1644ರಲ್ಲಿ ಡೆನ್ಮಾರ್ಕಿನ ವಿರುದ್ಧ ಸ್ವೀಡನ್ನಿಗೆ ನೌಕಾಪಡೆ ಸಾಲದಾದಾಗ ಹಾಲೆಂಡಿನಲ್ಲಿ ಹಡಗುಗಳನ್ನು ಬಾಡಿಗೆಗೆ ಹಿಡಿದು ಒಂದು ಪಡೆಯನ್ನೇ ಕಟ್ಟಿ ಕಳಿಸಿದ. ದೊರೆಯಲ್ಲ, ಸೇನಾಪತಿಯಲ್ಲ, ಬರೀ ಸಾಹುಕಾರ. 2000ದಲ್ಲಿ ಅಮೆರಿಕದ ಎರಿಕ್ ಫ್ಲಿಂಟ್ ‘1632’ ಎಂಬ ಕಾದಂಬರಿ ಬರೆದ. ಪಶ್ಚಿಮ ವರ್ಜೀನಿಯಾದ ಒಂದು ಗಣಿಯೂರು ಇದ್ದಕ್ಕಿದ್ದಂತೆ ಹದಿನೇಳನೆಯ ಶತಮಾನದ ಜರ್ಮನಿಗೆ ಹೋಗಿ ಬೀಳುವ ಕಥೆ ಅದು. ಅಲ್ಲಿಂದ ಬೆಳೆದ ಕಥಾಸರಣಿಯಲ್ಲಿ ಈ ಡಿ ಗೀರನೂ ಪಾತ್ರವಾಗಿದ್ದಾನೆ: ಮುಂದಿನ ಕಾಲದ ಉಕ್ಕಿನ ವಿದ್ಯೆ ಅವನ ಕೈಗೆ ಸಿಕ್ಕರೆ ಏನಾದೀತು ಎಂಬ ಚಮತ್ಕಾರಕ್ಕಾಗಿ.

ಕನ್ನಡ ನಾಡಿನಲ್ಲಿ ಡಿ ಗೀರನಿಗೆ ಜೋಡಿ ಹುಡುಕಿದರೆ ಸಾಹುಕಾರ ಸಿಗುವುದಿಲ್ಲ, ದೊರೆ ಸಿಗುತ್ತಾನೆ. ಬಾದಾಮಿಯಲ್ಲಿ ಸೋತ ಅದೇ ಟಿಪ್ಪು.

ಈ ಸೀಮೆಗೆ ತೋಪು ಹೊಸದೇನಲ್ಲ. ಹುನಗುಂದಕ್ಕೆ ದೂರವಲ್ಲದ ಕೃಷ್ಣೆಯ ದಡದಲ್ಲಿ 1565ರ ಜನವರಿ 23ರಂದು ನಡೆದ ರಕ್ಕಸ-ತಂಗಡಿಯ ಕಾಳಗದಲ್ಲಿ ಅಹಮದನಗರದ ಚೆಲೆಬಿ ರೂಮಿ ಖಾನ್ ಫಿರಂಗಿಗಳಿಗೆ ತಾಮ್ರದ ದುಡ್ಡಿನ ಚೀಲ ತುಂಬಿ ಹತ್ತಿರದಿಂದ ಹಾರಿಸಿದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ವಿಜಯಪುರದ ಬುರುಜಿನ ಮೇಲೆ ಇಂದಿಗೂ ಕೂತಿರುವ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡದ್ದು. ಎರೆದವನು ಮುಹಮ್ಮದ್ ಬಿನ್ ಹಸನ್ ರೂಮಿ. 55 ಟನ್ ತೂಕದ ಆ ತೋಪು ಪರಾಂಡಾ ಕೋಟೆಯಿಂದ ಬಿಜಾಪುರಕ್ಕೆ ಬಂದದ್ದು 1632ರಲ್ಲಿ. ಅಮೆರಿಕದ ಕಾದಂಬರಿಯ ಶೀರ್ಷಿಕೆಯೂ ಅದೇ ವರ್ಷ. ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ. ರೂಮಿ ಎಂದರೆ ತುರ್ಕಿ ಸೀಮೆಯವನು. ಎರಕದ ಉಸ್ತಾದರು ಹೊರಗಿನಿಂದ ಬರುತ್ತಿದ್ದರು, ಸುಲ್ತಾನನ ಸಂಬಳ ತಿನ್ನುತ್ತಿದ್ದರು. ಅವರಲ್ಲಿ ಡಿ ಗೀರನ ಹಾಗೆ ಕಾರ್ಖಾನೆಯ ಒಡೆಯರಾಗಿ ಕೂತವರಿಲ್ಲ.

ಟಿಪ್ಪು ಈ ಪದ್ಧತಿಯನ್ನು ದೊಡ್ಡದು ಮಾಡಿದ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಕಡೆ ತಾರಾಮಂಡಲಪೇಟೆ ಎಂಬ ಹೆಸರಿನ ಕಾರ್ಖಾನೆಗಳನ್ನು ತೆರೆದ. ಬೆಂಗಳೂರಿನ ಪೇಟೆಯಲ್ಲಿ ಆ ಹೆಸರಿನ ಓಣಿ ಇನ್ನೂ ಇದೆ. ಅಲ್ಲಿ ಕೋವಿ, ತೋಪು, ರಾಕೆಟ್ಟು ತಯಾರಾಗುತ್ತಿದ್ದವು. ರಾಕೆಟ್ಟೆಂದರೆ ಗೇಣುದ್ದದ ಕಬ್ಬಿಣದ ಕೊಳವೆ, ಅದರೊಳಗೆ ಗಿಡಿದ ಮದ್ದು, ಬಾಲಕ್ಕೆ ಕಟ್ಟಿದ ಬಿದಿರಿನ ಗಳ. ಕಾಗದದ ಕೊಳವೆ ತಡೆಯದ ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು, ಆದ್ದರಿಂದ ಅದು ಒಂದು ಕಿಲೋಮೀಟರಿನಾಚೆಗೂ ಹಾರುತ್ತಿತ್ತು. ಕುಶೂನ್ ಎಂಬ ಒಂದೊಂದು ದಳಕ್ಕೆ 200 ರಾಕೆಟ್ಟಿನವರು ಎಂದು ಅವನ ಸೇನಾ ಕೈಪಿಡಿಯೇ ಗೊತ್ತುಪಡಿಸಿತ್ತು.

ಮಾಡುವುದಕ್ಕಿಂತ ಮಾಲು ಹೊಂದಿಸುವುದು ಕಷ್ಟ. ಕಬ್ಬಿಣಕ್ಕೆ ಮೈಸೂರು ಬಡವಾಗಿರಲಿಲ್ಲ. ಮಾಗಡಿ, ಮಧುಗಿರಿ, ಚನ್ನರಾಯನದುರ್ಗದ ಕುಲುಮೆಗಳನ್ನು 1800ರಲ್ಲಿ ನೋಡಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಉಕ್ಕು ಮಾಡುವ ಕ್ರಮವನ್ನೂ ಬರೆದಿಟ್ಟಿದ್ದಾನೆ. ಬಡಗಣ ಗಡಿಯ ಹುನಗುಂದ–ಕುಷ್ಟಗಿ ಪಟ್ಟಿಯ ಬಂಡೆಗಳಲ್ಲೂ ಕಬ್ಬಿಣದ ಅದಿರಿನ ಪದರಗಳಿವೆ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಬಂದ ಹೆಸರು ಅವುಗಳಿಗೆ ಬರಲಿಲ್ಲ, ಅಷ್ಟೇ. ಪೆಟ್ಲುಪ್ಪನ್ನು ಹಳ್ಳಿಯ ಚೌಳು ಮಣ್ಣಿನಿಂದಲೇ ಬಸಿಯಬಹುದು. ಗಂಧಕ ಮಾತ್ರ ಸಮುದ್ರದಾಚೆಯಿಂದ ಬರಬೇಕು. ಟಿಪ್ಪು ಮಸ್ಕತ್ತಿನಲ್ಲಿ ಕೋಠಿ ಇಟ್ಟದ್ದರ ಹಿಂದೆ ಈ ಲೆಕ್ಕವೂ ಇತ್ತು: ಇಲ್ಲಿಂದ ಶ್ರೀಗಂಧ, ಮೆಣಸು, ಏಲಕ್ಕಿ ಹೋಗಬೇಕು, ಅಲ್ಲಿಂದ ಗಂಧಕ, ತಾಮ್ರ ಬರಬೇಕು. ಶ್ರೀಗಂಧ, ಮೆಣಸುಗಳ ವ್ಯಾಪಾರ ಸರ್ಕಾರದ ಮುಷ್ಟಿಯಲ್ಲಿತ್ತು. ಮಲೆನಾಡಿನ ಗಂಧದ ಕೊರಡೇ ಒಂದರ್ಥದಲ್ಲಿ ಮೈಸೂರಿನ ಮದ್ದಾಗುತ್ತಿತ್ತು.

ಬಾದಾಮಿಯ ಮುತ್ತಿಗೆಗೆ ಎರಡು ತಿಂಗಳು ಮುಂಚೆ, 1786ರ ಮಾರ್ಚ್ 9ರಂದು, ಇಂದಿನ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಅವುಗಳಲ್ಲಿ ಇಸ್ತಾಂಬುಲಿಗೆ ಹೋಗುವ ನಾಲ್ವರು ರಾಯಭಾರಿಗಳು, ನೂರಾರು ಜನ ಪರಿವಾರ, ಹಾದಿಯಲ್ಲಿ ಮಾರಲು ಸಂಬಾರ ಮತ್ತು ಶ್ರೀಗಂಧ. ರಾಯಭಾರ, ಯಾತ್ರೆ, ವ್ಯಾಪಾರ ಮೂರೂ ಒಂದೇ ಹಡಗಿನಲ್ಲಿ. ಟಿಪ್ಪು ಮಂಗಳೂರಿನಲ್ಲಿ ತುರ್ಕರಿಗೆ ಜಾಗ ಕೊಟ್ಟು ಬಸ್ರಾ ಬಂದರನ್ನು ತಾನು ಪಡೆಯುವ ಯೋಚನೆಯಲ್ಲಿದ್ದ. ಕೋವಿ, ಗಡಿಯಾರ, ಗಾಜು ಮಾಡಬಲ್ಲ ಕುಶಲಿಗಳನ್ನು ಕರೆತರಬೇಕೆಂದು ಹೇಳಿ ಕಳಿಸಿದ. ಎಲ್ಲಕ್ಕಿಂತ ಬೆರಗಿನ ಬೇಡಿಕೆ, ಕಲ್ಲಿದ್ದಲು ಹುಡುಕಬಲ್ಲವರದು. ಇಂಗ್ಲೆಂಡಿನಲ್ಲೇ ಕಬ್ಬಿಣ ಕರಗಿಸುವವರು ಇದ್ದಿಲು ಬಿಟ್ಟು ಕಲ್ಲಿದ್ದಲಿನ ಕಡೆ ಹೊರಳುತ್ತಿದ್ದ ಕಾಲ ಅದು. ಶ್ರೀರಂಗಪಟ್ಟಣದಲ್ಲಿ ಕೂತು ಅದರ ವಾಸನೆ ಹಿಡಿದ ಮೂಗು ಸಾಮಾನ್ಯದ್ದಲ್ಲ. ಆದರೆ ಕಲ್ಲಿದ್ದಲು ಮೈಸೂರಿನ ನೆಲದಲ್ಲಿಲ್ಲ. ಯಾವ ಪರಿಣತ ಬಂದಿದ್ದರೂ ಬರಿಗೈಲಿ ಹೋಗುತ್ತಿದ್ದ. ಹೋದ ರಾಯಭಾರಕ್ಕೂ ಗತಿ ಒಳ್ಳೆಯದಾಗಲಿಲ್ಲ. ಹಡಗುಗಳು ಕೆಟ್ಟವು, ಬೇನೆ ಬಂತು, ಹೊರಟವರಲ್ಲಿ ಮರಳಿದವರು ಕೆಲವೇ ಜನ.

ಮುಂದಿನ ವರ್ಷ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋದರು. 1788ರಲ್ಲಿ ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿ ಅವರನ್ನು ವೈಭವದಿಂದ ಕಂಡ. ಸೈನ್ಯ ಕೊಡಲಿಲ್ಲ, ಕುಶಲಕರ್ಮಿಗಳನ್ನು ಕೊಟ್ಟ. ಮರುವರ್ಷ ಅವನ ಸಿಂಹಾಸನವೇ ಅಲ್ಲಾಡತೊಡಗಿತು.

ಇನ್ನು ಎತ್ತಿನ ಮಾತು. ಶ್ರೀರಂಗಪಟ್ಟಣದಲ್ಲಿ ಒಬ್ಬ ಫ್ರೆಂಚ್ ಕುಶಲಿ ತೋಪು ಕೊರೆಯುವ ಯಂತ್ರವನ್ನು ನೀರಿನಿಂದ ನಡೆಯುವಂತೆ ಮಾಡಿದ್ದ. ಟಿಪ್ಪು ನೀರಿನ ಚಕ್ರ ತೆಗೆಸಿ ಎತ್ತು ಕಟ್ಟಿಸಿದ ಎಂದು ಬುಕಾನನ್ ಬರೆಯುತ್ತಾನೆ. ಯಂತ್ರದ ಬೆಲೆ ತಿಳಿಯದವನ ಕೆಲಸ ಎಂಬ ಅರ್ಥದಲ್ಲಿ ಬರೆದದ್ದು. ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ನೌಕರ, ಸತ್ತ ಶತ್ರುವಿನ ಬುದ್ಧಿಗೆ ಕಡಿಮೆ ಅಂಕ ಕೊಡುವುದು ಅವನ ಸಂಬಳಕ್ಕೆ ಹೊಂದುವ ಮಾತು. ಆದರೂ ಸಂಗತಿ ತೂಕದ್ದು. ಕಾವೇರಿಯ ನೀರು ವರ್ಷವಿಡೀ ಒಂದೇ ಸಮ ಹರಿಯುವುದಿಲ್ಲ. ಎತ್ತು ಹನ್ನೆರಡು ತಿಂಗಳೂ ತಿರುಗುತ್ತದೆ. ಮೇಲಾಗಿ ಮೈಸೂರಿನ ಕೈಯಲ್ಲಿ ಅಮೃತಮಹಲ್ ಎತ್ತುಗಳಿದ್ದವು. ತೋಪು ಎಳೆಯುವುದರಲ್ಲಿ ಅವಕ್ಕೆ ಸಮ ಇರಲಿಲ್ಲ. ಇದ್ದ ಶಕ್ತಿಯನ್ನು ಬಳಸಿದ್ದು ದಡ್ಡತನವಲ್ಲ. ಪರ್ಯಾಯ ಇತಿಹಾಸದ ಲೇಖಕ ಮಾತ್ರ ಇಲ್ಲಿಯೇ ನಿಲ್ಲುತ್ತಾನೆ: ಆ ಚಕ್ರ ತಿರುಗುತ್ತಲೇ ಇದ್ದಿದ್ದರೆ?

ಇದ್ದಿದ್ದರೆ ಹೆಚ್ಚೇನೂ ಆಗುತ್ತಿರಲಿಲ್ಲ ಎಂದು ಹೇಳಬೇಕಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಎಣಿಸಿಟ್ಟ ಪಟ್ಟಿಯನ್ನೇ ನೋಡಿ: 929 ತೋಪುಗಳು, ಅದರಲ್ಲಿ 287 ಕೋಟೆಯ ಮೇಲೆಯೇ ಹೂಡಿದ್ದವು, ನಾಲ್ಕು ಲಕ್ಷಕ್ಕೂ ಹೆಚ್ಚು ಗುಂಡುಗಳು, ಸುಮಾರು 99,000 ಕೋವಿಗಳು, 700 ಸಿದ್ಧ ರಾಕೆಟ್ಟು, 9,000 ಖಾಲಿ ರಾಕೆಟ್ ಕೊಳವೆ, ಎರಡು ಎರಕದ ಮನೆ, ತೋಪು ಕೊರೆಯುವ ಯಂತ್ರಗಳ ಮೂರು ಕಟ್ಟಡ. ಆಯುಧ ಸಾಲದೆ ಸೋತ ರಾಜ್ಯದ ಪಟ್ಟಿ ಇದಲ್ಲ. ಇನ್ನೊಂದು ನೀರಿನ ಚಕ್ರದಿಂದ ಇನ್ನೂ ನೂರು ತೋಪು ಬಂದಿದ್ದರೆ ಇಂಗ್ಲಿಷರು ಎಣಿಸುವ ತೋಪು 1,029 ಆಗುತ್ತಿತ್ತು.

ವ್ಯತ್ಯಾಸ ಇದ್ದದ್ದು ಒಡೆತನದಲ್ಲಿ. ಡಿ ಗೀರನ ಕಾರ್ಖಾನೆ ಡಿ ಗೀರನದು. ದೊರೆ ಬದಲಾದರೂ ಕುಲುಮೆ ಆರುವುದಿಲ್ಲ, ದೊರೆ ಸಾಲಗಾರನೇ ಆಗಿರುತ್ತಾನೆ. 1876ರಲ್ಲಿ ಸ್ವೀಡನ್ನಿನ ಮೊದಲ ಪ್ರಧಾನಿಯಾದವನು ಅದೇ ವಂಶದ ಇನ್ನೊಬ್ಬ ಲೂಯಿ ಡಿ ಗೀರ್. ಮೈಸೂರಿನಲ್ಲಿ ದೊರೆಯೇ ಗಣಿಯ ಒಡೆಯ, ದೊರೆಯೇ ಎರಕದ ಯಜಮಾನ, ದೊರೆಯೇ ದೊಡ್ಡ ಗಿರಾಕಿ, ದೊರೆಯೇ ಹಡಗಿನ ಸಾಹುಕಾರ. ಅವನು ಕೋಟೆಯ ಬಾಗಿಲಲ್ಲಿ ಸತ್ತ ದಿನ ಇಡೀ ಉದ್ಯಮಕ್ಕೆ ವಾರಸುದಾರರಿಲ್ಲದಂತಾಯಿತು. ಮಕ್ಕಳನ್ನು ವೇಲೂರಿಗೆ, 1806ರ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು.

ಟಿಪ್ಪುವಿಗೆ ಇದು ಹೊಳೆದಿರಲಿಲ್ಲವೆಂದೂ ಅಲ್ಲ. 1793–94ರ ವ್ಯಾಪಾರ ನಿಯಮಗಳಲ್ಲಿ ಅವನು ಪ್ರಜೆಗಳಿಂದ ಠೇವಣಿ ಕೇಳಿದ್ದಾನೆ. 500 ರೂಪಾಯಿವರೆಗೆ ಇಟ್ಟವರಿಗೆ ವರ್ಷದ ಕೊನೆಗೆ ನೂರಕ್ಕೆ 50 ಲಾಭ, 5,000ದವರೆಗೆ ಇಟ್ಟವರಿಗೆ 25, ಅದಕ್ಕೂ ಮೇಲ್ಪಟ್ಟವರಿಗೆ 12. ಸಣ್ಣವನಿಗೆ ಹೆಚ್ಚು, ದೊಡ್ಡವನಿಗೆ ಕಡಿಮೆ: ಇಂದಿನ ಯಾವ ಬ್ಯಾಂಕೂ ಒಪ್ಪದ ಲೆಕ್ಕ. ವ್ಯಾಪಾರದ ಮಂಡಳಿಗೆ ಅವನು ಮಲಿಕುತ್ತುಜ್ಜಾರ್ ಎಂಬ ಹಳೆಯ ಬಿರುದನ್ನು ಇಟ್ಟ. ಮೂರು ಶತಮಾನ ಹಿಂದೆ ಬೀದರಿನಲ್ಲಿ ಆ ಬಿರುದು ಹೊತ್ತಿದ್ದವನು ಮಹಮೂದ್ ಗಾವಾನ್, ವ್ಯಾಪಾರಕ್ಕೆ ಬಂದು ಮಂತ್ರಿಯಾದವನು. ಆದರೆ ಆ ಹೊತ್ತಿಗೆ ತಡವಾಗಿತ್ತು. 1792ರ ಸೋಲು ಅರ್ಧ ರಾಜ್ಯವನ್ನೇ ನುಂಗಿತ್ತು.

ಬಾದಾಮಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಕೋಟೆ ಕಳೆದುಕೊಂಡ ಟಿಪ್ಪು ಸುಮ್ಮನೆ ಕೂಡಲಿಲ್ಲ. ಅದೋನಿಯನ್ನು ಮುತ್ತಿದ, ಆಗಸ್ಟಿನ ತುಂಬು ತುಂಗಭದ್ರೆಯನ್ನು ದಾಟಿದ, ಸವಣೂರಿನ ಸುತ್ತ ರಾತ್ರಿ ದಾಳಿಗಳಲ್ಲಿ ಮಿತ್ರಸೇನೆಯನ್ನು ಹಣ್ಣು ಮಾಡಿದ. ಮೈದಾನದಲ್ಲಿ ಮೇಲುಗೈ ಅವನದೇ. ಆದರೂ 1787ರ ಏಪ್ರಿಲ್‌ನಲ್ಲಿ, ಇಳಕಲ್ಲಿಗೆ ನೆರೆಯ ಗಜೇಂದ್ರಗಡದಲ್ಲಿ ನಡೆದ ಒಪ್ಪಂದದಲ್ಲಿ ಬಾದಾಮಿ, ನರಗುಂದ, ಕಿತ್ತೂರುಗಳನ್ನು ಬಿಟ್ಟುಕೊಟ್ಟ, ಲಕ್ಷಗಟ್ಟಲೆ ಹಣವನ್ನೂ ಕೊಟ್ಟ. ಕಲ್ಕತ್ತೆಗೆ ಕಾರ್ನ್‌ವಾಲಿಸ್ ಬಂದಿಳಿದಿದ್ದ, ಮ್ಯಾಲೆಟ್ ಪುಣೆಯಲ್ಲಿ ಓಡಾಡುತ್ತಿದ್ದ. ನಿಜವಾದ ಶತ್ರು ಯಾರೆಂದು ಟಿಪ್ಪುವಿಗೆ ಗೊತ್ತಿತ್ತು. ಮರಾಠರನ್ನು ಸ್ನೇಹಿತರನ್ನಾಗಿ ಕೊಳ್ಳಲು ಬಾದಾಮಿಯನ್ನು ಬೆಲೆಯಾಗಿ ಕೊಟ್ಟ. ವ್ಯಾಪಾರ ಕೈಗೂಡಲಿಲ್ಲ. ಮೂರು ವರ್ಷ ಕಳೆಯುತ್ತಲೇ ಮರಾಠರೂ ನಿಜಾಮನೂ ಇಂಗ್ಲಿಷರ ಜೊತೆ ಸೇರಿದರು. ‘ಹೀಗಾಗಿದ್ದರೆ’ ಎಂದು ಕೇಳಲೇಬೇಕಾದ ಒಂದು ತಿರುವು ಈ ಕಥೆಯಲ್ಲಿದ್ದರೆ ಅದು ಗಜೇಂದ್ರಗಡ, ನೀರಿನ ಚಕ್ರವಲ್ಲ.

ಸೋತವನ ವಿದ್ಯೆ ಗೆದ್ದವನ ಕಾರ್ಖಾನೆಗೆ ಹೋಯಿತು. ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿನ ವೂಲ್ವಿಚ್ ತಲುಪಿದವು. ವಿಲಿಯಂ ಕಾಂಗ್ರೀವ್ ಅವುಗಳನ್ನು ತಿದ್ದಿ ಬೆಳೆಸಿದ. 1807ರಲ್ಲಿ ಕೋಪನ್‌ಹೇಗನ್ ಉರಿಯಿತು, 1814ರಲ್ಲಿ ಬಾಲ್ಟಿಮೋರಿನ ಮೇಲೆ ಅವು ಹಾರಿದವು. ಅಮೃತಮಹಲ್ ಎತ್ತುಗಳನ್ನೂ ಕಂಪನಿ 1813ರಲ್ಲಿ ತನ್ನ ಸೈನ್ಯದ ಆಡಳಿತಕ್ಕೆ ತೆಗೆದುಕೊಂಡಿತು. ಬುಕಾನನ್ ನಕ್ಕಿದ್ದ ಎತ್ತುಗಳು ಕಂಪನಿಗೆ ಬೇಕಾದವು. ಇನ್ನು ಟಿಪ್ಪುವಿನ ಕಾರ್ಖಾನೆಯಿದ್ದ ನಗರ ಎಂಬ ಊರಿನಲ್ಲಿ, 2018ರಲ್ಲಿ ಬತ್ತಿದ ಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು.

ಬಾಗಲಕೋಟೆಯ ಸೀಮೆಯಲ್ಲಿ ಆಯುಧದ ಬೆಲೆ ಬೇರೆ ರೀತಿಯಲ್ಲಿ ಇಳಿಯಿತು. 1818ರ ಫೆಬ್ರವರಿಯಲ್ಲಿ ಕಂಪನಿಯ ಥಾಮಸ್ ಮನ್ರೋ ಬಾದಾಮಿಯನ್ನು ಹಿಡಿದ. ಎರಡು ದೊಡ್ಡ ಸೈನ್ಯಗಳಿಗೆ ಮೂರು ವಾರ ಜಗ್ಗದ ಕೋಟೆ ಒಂದು ಸಣ್ಣ ಪಡೆಗೆ ಬಿತ್ತು. 1854ರಲ್ಲಿ ನೆರೆಯ ವಿಜಯಪುರದ ಮಲಿಕ್-ಎ-ಮೈದಾನನ್ನು ಹರಾಜಿಗೆ ಇಟ್ಟರು. ಬಂದ ಬಿಡ್ಡು 150 ರೂಪಾಯಿ. ನಾಚಿಕೆಯೋ, ಇತಿಹಾಸದ ಮರ್ಯಾದೆಯೋ, ಅಧಿಕಾರಿಯೊಬ್ಬ ಹರಾಜನ್ನು ರದ್ದು ಮಾಡಿದ್ದರಿಂದ ತೋಪು ಉಳಿಯಿತು.

1857ರಲ್ಲಿ ಕಂಪನಿ ಸರ್ಕಾರ ಆಯುಧ ಕಾಯ್ದೆ ತಂದು, ಲೈಸೆನ್ಸಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ ಎಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವೆಂದರೆ ಬೇಟೆ, ಕಾವಲು, ಕುಲದ ಮಾನ. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್ ಮತ್ತು ಲೆಫ್ಟಿನೆಂಟ್ ಕೆರ್ ಅವರ ದಂಡು ಬಂದು ಊರನ್ನು ಸುತ್ತಿತು. ಮನೆಗಳೊಳಗಿಂದ ಗುಂಡು ಹಾರಿದವು, ಮನೆಗಳಿಗೆ ಬೆಂಕಿ ಬಿತ್ತು, ನೂರರಷ್ಟು ಜನ ಸತ್ತರು, 290 ಜನ ಸೆರೆ ಸಿಕ್ಕರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಲಾವಣಿ ಕಾಪಾಡಿದೆ. ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. 99,000 ಕೋವಿ ಕೂಡಿಟ್ಟ ರಾಜ್ಯ ಮುಳುಗಿ ಅರವತ್ತು ವರ್ಷವೂ ಆಗಿರಲಿಲ್ಲ. ಮನೆಯ ಮೂಲೆಯ ಒಂದು ಕೋವಿಯೇ ಅಪರಾಧವಾಗಿತ್ತು.

ಟಿಪ್ಪುವಿನ ರಾಕೆಟ್ಟು ಚಂದ್ರನಿಗೆ ಹಾರುವ ಕಥೆಗಳನ್ನು ಮಕ್ಕಳು ಬರೆದುಕೊಳ್ಳಲಿ. ಕನ್ನಡದಲ್ಲಿ ಪರ್ಯಾಯ ಇತಿಹಾಸದ ಕಾದಂಬರಿ ಬರೆಯಹೊರಟವರು ತದಡಿಯ ಬಂದರಿನಲ್ಲಿ ಗಂಧ ತೂಗುವ ಗುಮಾಸ್ತನಿಂದ ಶುರುಮಾಡಲಿ. ಅವನು ಸರ್ಕಾರದ ಸಂಬಳದವನಾಗದೆ ಸ್ವಂತ ಹಡಗಿನ, ಸ್ವಂತ ಕುಲುಮೆಯ ಸಾಹುಕಾರನಾಗಿದ್ದರೆ ಆ ಕಥೆಯನ್ನು ನಂಬಬಹುದು. ಹಲಗಲಿಯ ಕಥೆಗೆ ಕಲ್ಪನೆಯೂ ಬೇಡ. ಹಿಡಿದವರಲ್ಲಿ ಹದಿಮೂರು ಜನರನ್ನು 1857ರ ಡಿಸೆಂಬರ್ 11ರಂದು ಮುಧೋಳದಲ್ಲಿ, ಆರು ಜನರನ್ನು 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು.